ವಿಳಾಸವೆಲ್ಲ ಒಂದೇ ಸಾಲಿಗೆ ಅಂಟಿಕೊಂಡಿದೆ ಸರ್! ಟೆಕ್ಸ್ಟ್‌ಬಾಕ್ಸ್, ಎಂಟರ್ ಕೀ ಮತ್ತು ಲೈನ್ ಬ್ರೇಕ್ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್:
ಮುಂಬೈ, ಪುಣೆ, ಗೋವಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ. ಈ ಶನಿವಾರ ಉತ್ತರ ಕೊಡುವವರು ಪುಣೆ ಕೋಥ್ರೂಡ್‌ನ ನಮ್ಮ ಹಿರಿಯರು. ಊರು ಧಾರವಾಡ. ವಿಬಿ 6 (ವಿಷುವಲ್ ಬೇಸಿಕ್) ಕಾಲದಿಂದಲೂ ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯುತ್ತಿದ್ದಾರೆ. ವಿಷಯ ಅವರೇ ಆರಿಸಿಕೊಂಡದ್ದು: ಪರದೆಯ ಮೇಲಿನ ಪಠ್ಯದಲ್ಲಿ ಸಾಲು ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ, ಯಾಕೆ. ಸ್ಕ್ರೀನ್‌ಶಾಟ್ ಹಾಕುವವರು ಗಿರಾಕಿಗಳ ಫೋನ್ ನಂಬರ್ ಅಳಿಸಿ ಹಾಕಿ, ಹೋದ ಸಲದ ಹಾಗೆ ಮಾಡಬೇಡಿ.

ಪ್ರಶ್ನೆ, ಮಾಟುಂಗದಿಂದ:
ನಮಸ್ಕಾರ ಸರ್. ಇಲ್ಲಿ ನಮ್ಮ ಮಾವನವರ ಉಡುಪಿ ಹೋಟೆಲಿಗೆ ಪಾರ್ಟಿ ಆರ್ಡರಿನ ಬಿಲ್ ಮಾಡುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಭಾಷೆ ಸಿ ಶಾರ್ಪ್, ಪರದೆ ಕಟ್ಟಿದ್ದು ಮೈಕ್ರೋಸಾಫ್ಟಿನ ವಿನ್‌ಫಾರ್ಮ್ಸ್‌ನಲ್ಲಿ. ಗಿರಾಕಿಯ ವಿಳಾಸಕ್ಕೆ ಮಲ್ಟಿಲೈನ್ ಟೆಕ್ಸ್ಟ್‌ಬಾಕ್ಸ್ ಇಟ್ಟಿದ್ದೇನೆ. ಮೊದಲು ವಿಳಾಸಗಳು ಡೇಟಾಬೇಸಿನಲ್ಲಿದ್ದವು. ಹೋದ ತಿಂಗಳು ಎಕ್ಸ್‌ಎಂಎಲ್ ಫೈಲಿಗೆ ಬದಲಾಯಿಸಿದೆ. ಆಮೇಲೆ ಶುರುವಾಯಿತು ನೋಡಿ. ಟೈಪ್ ಮಾಡುವಾಗ ನಾಲ್ಕು ಸಾಲು ಸರಿಯಾಗಿಯೇ ಇರುತ್ತದೆ. ಸೇವ್ ಮಾಡಿ, ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದರೆ "ಮೂರನೇ ಮಹಡಿಲಿಫ್ಟ್ ಇಲ್ಲಕಿಂಗ್ಸ್ ಸರ್ಕಲ್ ಹತ್ತಿರಮಾಟುಂಗ" ಅಂತ ಉದ್ದಕ್ಕೆ ಬರುತ್ತದೆ. ಡೆಲಿವರಿ ಹುಡುಗ ಪರದೆ ನೋಡಿ "ಇಲ್ಲಕಿಂಗ್ಸ್ ಅಂದ್ರೆ ಯಾವ ಬಿಲ್ಡಿಂಗ್?" ಅಂತ ಕೇಳಿದ.

ವಿಚಿತ್ರ ಏನೆಂದರೆ, ಅದೇ ಸ್ಟ್ರಿಂಗನ್ನು (ಪಠ್ಯವನ್ನು) ಲೇಬಲಿಗೆ ಕೊಟ್ಟರೆ ಚಂದ ನಾಲ್ಕು ಸಾಲು. ಮೆಸೇಜ್‌ಬಾಕ್ಸಿನಲ್ಲೂ ಸರಿ. ಟೆಕ್ಸ್ಟ್‌ಬಾಕ್ಸಿನಲ್ಲಿ ಮಾತ್ರ ಹೀಗೆ. ವರ್ಡ್‌ವ್ರ್ಯಾಪ್ ಆನ್ ಇದೆ, ಮಲ್ಟಿಲೈನ್ ಆನ್ ಇದೆ. ಮಂಡೆ ಬಿಸಿಯಾಗಿದೆ ಮಾರಾಯ್ರೆ.

ಉತ್ತರ:
ಲೇಬಲಿನಲ್ಲಿ ಸರಿ, ಟೆಕ್ಸ್ಟ್‌ಬಾಕ್ಸಿನಲ್ಲಿ ತಪ್ಪು ಅಂದಿರಲ್ಲ, ಅರ್ಧ ಉತ್ತರ ನೀವೇ ಕೊಟ್ಟಿದ್ದೀರಿ. ಸಾಲು ಒಡೆಯುವ ಗುರುತು ಸ್ಟ್ರಿಂಗಿನಲ್ಲಿ ಇದೆ, ಕಳೆದುಹೋಗಿಲ್ಲ. ಆದರೆ ಟೆಕ್ಸ್ಟ್‌ಬಾಕ್ಸ್ ಬಯಸುವ ರೂಪದಲ್ಲಿ ಇಲ್ಲ.

ನಿಮ್ಮಲ್ಲಿ ಯಾರಾದರೂ ಟೈಪಿಂಗ್ ಕ್ಲಾಸಿಗೆ ಹೋದವರಿದ್ದರೆ ಬೇಗ ತಿಳಿಯುತ್ತದೆ. ನಾನು ಕಲಿತದ್ದು ಗೋದ್ರೆಜ್ ಟೈಪ್‌ರೈಟರ್ ಮೇಲೆ. ಸಾಲು ಮುಗಿದಾಗ ಗಂಟೆ ಬಾರಿಸುತ್ತಿತ್ತು, ಎಡಗೈಯಿಂದ ಲಿವರ್ ಎಳೆದರೆ ಎರಡು ಕೆಲಸ ಒಟ್ಟಿಗೆ ಆಗುತ್ತಿದ್ದವು: ಕಾಗದ ಒಂದು ಸಾಲು ಮೇಲೆ ಸರಿಯುತ್ತಿತ್ತು, ಕ್ಯಾರೇಜ್ ಸಾಲಿನ ಶುರುವಿಗೆ ಹೋಗುತ್ತಿತ್ತು. ಟೆಲಿಪ್ರಿಂಟರಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಅಪ್ಪಣೆ. ಅಕ್ಷರಕ್ಕೊಂದು ನಂಬರ್ ಕೊಡುವ ಆಸ್ಕಿ ಪಟ್ಟಿಯಲ್ಲಿ 13 ಎಂದರೆ ಕ್ಯಾರೇಜ್ ರಿಟರ್ನ್, ಶುರುವಿಗೆ ಹೋಗು. 10 ಎಂದರೆ ಲೈನ್ ಫೀಡ್, ಕಾಗದ ಸರಿಸು. ಯುನಿಕ್ಸ್‌ನವರು ಒಂದೇ ಸಾಕೆಂದು 10 ಇಟ್ಟುಕೊಂಡರು. ಹಳೆಯ ಮ್ಯಾಕಿನವರು 13 ಇಟ್ಟುಕೊಂಡರು, 2001ರಲ್ಲಿ ಓಎಸ್ ಟೆನ್ ಬಂದ ಮೇಲೆ ಅವರೂ 10ಕ್ಕೆ ಬಂದರು. ಡಾಸ್ ಮಾತ್ರ ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮಿನಿಂದ ಬಂದ ಜೋಡಿಯನ್ನೇ ಇಟ್ಟುಕೊಂಡಿತು, 13 ಮತ್ತು 10. ವಿಂಡೋಸ್ ಅದರ ವಾರಸುದಾರ.

ವಿನ್‌ಫಾರ್ಮ್ಸ್ ಟೆಕ್ಸ್ಟ್‌ಬಾಕ್ಸ್ ಎಂದರೆ ಹೊಸ ಅಂಗಿ ತೊಟ್ಟ ಹಳೆಯ ವಿಂಡೋಸ್ ಎಡಿಟ್ ಕಂಟ್ರೋಲ್. ಅದಕ್ಕೆ ಜೋಡಿಯೇ ಬೇಕು. ಬರೇ 10 ಕೊಟ್ಟರೆ ಸಾಲು ಒಡೆಯುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅಲ್ಲೊಂದು ಸಣ್ಣ ಚೌಕವಾದರೂ ಕಾಣುತ್ತಿತ್ತು, ಏನೋ ಇದೆ ಅಂತ ಗೊತ್ತಾಗುತ್ತಿತ್ತು. ಈಗ ಅದೂ ಇಲ್ಲ. ಲೇಬಲ್, ಮೆಸೇಜ್‌ಬಾಕ್ಸ್ ಪಠ್ಯ ಬಿಡಿಸುವ ದಾರಿ ಬೇರೆ. ಅವಕ್ಕೆ 10 ಒಂಟಿಯಾಗಿ ಬಂದರೂ ನಡೆಯುತ್ತದೆ.

ಇನ್ನು 13 ಎಲ್ಲಿ ಹೋಯಿತು? ಎಕ್ಸ್‌ಎಂಎಲ್ ತಿಂದಿತು. ತಪ್ಪು ಮಾಡಿ ತಿಂದದ್ದಲ್ಲ, ನಿಯಮ ಪ್ರಕಾರವೇ ತಿಂದದ್ದು. ಎಕ್ಸ್‌ಎಂಎಲ್ ಫೈಲ್ ಓದುವಾಗ 13-10 ಜೋಡಿ ಇರಲಿ, ಒಂಟಿ 13 ಇರಲಿ, ಎಲ್ಲವನ್ನೂ ಒಂದೇ ಒಂದು 10 ಮಾಡಿಯೇ ಪ್ರೋಗ್ರಾಮಿಗೆ ಕೊಡಬೇಕು ಎಂದು ಎಕ್ಸ್‌ಎಂಎಲ್ 1.0ರಲ್ಲೇ ಬರೆದಿದೆ. ಡೇಟಾವನ್ನು ಎಕ್ಸ್‌ಎಂಎಲ್ ಮಾಡಿ ಇಡುವ ಎಕ್ಸ್‌ಎಂಎಲ್ ಸೀರಿಯಲೈಜರ್ ಬಳಸಿದ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಇಲ್ಲಿ ಎಡವಿದ್ದಾರೆ. ನಾನಂತೂ ಎರಡು ಸಲ.

ಪರಿಹಾರಕ್ಕೆ ಎರಡು ದಾರಿ. ಬರೆಯುವಾಗ ಎಕ್ಸ್‌ಎಂಎಲ್ ರೈಟರ್ ಸೆಟ್ಟಿಂಗ್ಸ್‌ನಲ್ಲಿ ನ್ಯೂಲೈನ್ ಹ್ಯಾಂಡ್ಲಿಂಗನ್ನು ಎಂಟಿಟೈಜ್ ಮಾಡಿದರೆ 13ನ್ನು ಸಂಕೇತವಾಗಿ ಬರೆಯುತ್ತದೆ, ಓದುವಾಗ ಅದು ಉಳಿಯುತ್ತದೆ. ನನಗೆ ಈ ದಾರಿ ಅಷ್ಟು ಇಷ್ಟವಿಲ್ಲ. ನಾಳೆ ಬೇರೆ ಕಡೆಯಿಂದ ವಿಳಾಸ ಬಂದರೆ ಮತ್ತೆ ಅದೇ ಗೋಳು. ನಾನು ಮಾಡುವುದು ಹೀಗೆ: ಪ್ರೋಗ್ರಾಮಿನ ಒಳಗೆಲ್ಲ ಬರೇ 10. ಟೆಕ್ಸ್ಟ್‌ಬಾಕ್ಸಿಗೆ ಹಾಕುವ ಜಾಗದಲ್ಲಿ ಜೋಡಿ ಮಾಡುವುದು, ಅದರಿಂದ ತೆಗೆಯುವ ಜಾಗದಲ್ಲಿ ಮತ್ತೆ 10 ಮಾಡುವುದು. ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ. ಡಾಟ್‌ನೆಟ್ 6 ಅಥವಾ ಮುಂದಿನದಿದ್ದರೆ ರಿಪ್ಲೇಸ್‌ಲೈನ್‌ಎಂಡಿಂಗ್ಸ್ ಎಂಬ ಮೆಥಡ್ ಸ್ಟ್ರಿಂಗಿನಲ್ಲೇ ಇದೆ, ಒಂದೇ ಕರೆಗೆ ಕೆಲಸ ಮುಗಿಯುತ್ತದೆ.

ಹಳೆಯ ಫ್ರೇಮ್‌ವರ್ಕ್ ಆದರೆ ಸ್ವಲ್ಪ ಎಚ್ಚರ. ಎಲ್ಲರೂ ಮೊದಲು ಮಾಡುವುದು "10 ಇದ್ದಲ್ಲೆಲ್ಲ 13-10 ಹಾಕು" ಅಂತ ಒಂದೇ ರಿಪ್ಲೇಸ್. ನಿಮ್ಮ ಬಾಕ್ಸಿನಲ್ಲಿ ಈಗ ಕಲಬೆರಕೆ ಇರುತ್ತದೆ, ಫೈಲಿನಿಂದ ಬಂದ ಸಾಲಿಗೆ 10, ಕ್ಯಾಶಿಯರ್ ಇವತ್ತು ಎಂಟರ್ ಒತ್ತಿ ಸೇರಿಸಿದ ಸಾಲಿಗೆ 13-10. ಆ ರಿಪ್ಲೇಸ್ ಓಡಿಸಿದರೆ ಎರಡನೆಯದು 13-13-10 ಆಗುತ್ತದೆ. ಪ್ರತಿ ಸಲ ಸೇವ್ ಮಾಡಿದಾಗ ಒಂದೊಂದು 13 ಬೆಳೆಯುತ್ತ ಹೋದ ಡೇಟಾ ನಾನು ನೋಡಿದ್ದೇನೆ. ಆದ್ದರಿಂದ ಕ್ರಮ ತಪ್ಪಬಾರದು. ಮೊದಲು ಜೋಡಿಯನ್ನು 10 ಮಾಡಿ, ಆಮೇಲೆ ಉಳಿದ ಒಂಟಿ 13ನ್ನು 10 ಮಾಡಿ, ಕೊನೆಗೆ ಎಲ್ಲ 10ನ್ನೂ ಜೋಡಿ ಮಾಡಿ.

ಮತ್ತೊಂದು ಮಾತು. ರಿಪೇರಿಗೆ ಇಳಿಯುವ ಮೊದಲು ಕಣ್ಣಾರೆ ನೋಡಿ. ಸ್ಟ್ರಿಂಗಿನ ಪ್ರತಿ ಅಕ್ಷರದ ನಂಬರ್ ಬರೆದು ತೋರಿಸುವ ಐದು ಸಾಲಿನ ಫಂಕ್ಷನ್ ಇಟ್ಟುಕೊಳ್ಳಿ. "ಮಹಡಿ" ಆದ ಮೇಲೆ 10 ಇದೆಯೋ, 13 10 ಇದೆಯೋ, 32 ಇದೆಯೋ ಅಂತ ಗೊತ್ತಾಗದೆ ಕೋಡ್ ಮುಟ್ಟಬೇಡಿ. 32 ಇದ್ದರೆ ಕಥೆ ಬೇರೆ. ಅದು ಸ್ಪೇಸ್. ಎಕ್ಸ್‌ಎಂಎಲ್‌ನಲ್ಲಿ ವಿಳಾಸವನ್ನು ಎಲಿಮೆಂಟಿನ ಒಳಗೆ (ಶುರುವಿನ ಟ್ಯಾಗ್, ಕೊನೆಯ ಟ್ಯಾಗಿನ ನಡುವೆ) ಇಡದೆ ಟ್ಯಾಗಿನೊಳಗಿನ ಆಟ್ರಿಬ್ಯೂಟ್ ಮಾಡಿ ಕೈಯಾರೆ ಬರೆದಿದ್ದರೆ, ಓದುವಾಗ ಸಾಲು ಒಡೆದ ಜಾಗ ಸ್ಪೇಸ್ ಆಗಿಬಿಡುತ್ತದೆ. ಆಮೇಲೆ ಯಾವುದು ನಿಜವಾದ ಸ್ಪೇಸ್, ಯಾವುದು ಎಂಟರ್ ಅಂತ ಬೇರ್ಪಡಿಸುವ ದಾರಿಯೇ ಇಲ್ಲ.

ಮಾಟುಂಗದಿಂದ ಮತ್ತೆ:
ಎಲಿಮೆಂಟಿನ ಒಳಗೇ ಇದೆ ಸರ್, ಬಚಾವ್. ಆದರೆ ಒಂದು ಡೌಟು. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದ್ದೆ, ಸಾಲುಗಳು ಸರಿಯಾಗಿ ಬೇರೆ ಬೇರೆ ಕಂಡವು. ಹಾಗಾಗಿ ಫೈಲ್ ಸರಿ ಇದೆ, ತಪ್ಪು ಬಾಕ್ಸಿನದು ಅಂದುಕೊಂಡೆ.

ಉತ್ತರ:
ಆ ಸಾಕ್ಷಿ ಈಗ ನಡೆಯುವುದಿಲ್ಲ. ಮೊದಲು ನೋಟ್‌ಪ್ಯಾಡ್ ಒಳ್ಳೆಯ ಪರೀಕ್ಷಕ, ಯುನಿಕ್ಸ್ ಫೈಲ್ ಕೊಟ್ಟರೆ ಎಲ್ಲ ಒಂದೇ ಸಾಲು ಮಾಡಿ ತೋರಿಸಿ ಗುಟ್ಟು ಬಿಡುತ್ತಿತ್ತು. 2018ರಲ್ಲಿ ವಿಂಡೋಸ್ 10ರ 1809 ಆವೃತ್ತಿಯೊಂದಿಗೆ ಅದು ಒಂಟಿ 10ನ್ನೂ ಒಂಟಿ 13ನ್ನೂ ಅರ್ಥ ಮಾಡಿಕೊಳ್ಳಲು ಕಲಿಯಿತು. ಆದ್ದರಿಂದ ಪಠ್ಯ ನೋಡಬೇಡಿ, ಕೆಳಗಿನ ಸ್ಟೇಟಸ್ ಬಾರ್ ನೋಡಿ. ವಿಂಡೋಸ್ ಅಂತಲೋ ಯುನಿಕ್ಸ್ ಅಂತಲೋ ಅಲ್ಲಿ ಬರೆದಿರುತ್ತದೆ. ವಿಂಡೋಸ್ ಅಂತ ಇದ್ದರೂ ಎಕ್ಸ್‌ಎಂಎಲ್ ಓದುವಾಗ ಅದು 10 ಆಗಿಯೇ ಬರುತ್ತದೆ, ಮರೆಯಬೇಡಿ. ಎಡಿಟ್ ಕಂಟ್ರೋಲಿಗೂ ಆ ಆವೃತ್ತಿಯಿಂದ ಹಾಗೆ ಓದುವ ಶಕ್ತಿ ಬಂದಿದೆ. ಆದರೆ ಕೇಳಿ ಆನ್ ಮಾಡಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ. ಗಿರಾಕಿಯ ಹಳೆಯ ಕಂಪ್ಯೂಟರ್ ನಂಬಿ ಅದರ ಮೇಲೆ ಕಟ್ಟುವುದು ಬೇಡ.

ಪ್ರಶ್ನೆ, ಡೊಂಬಿವಲಿಯಿಂದ:
ಸರ್, ನಾನು ಹೌಸಿಂಗ್ ಸೊಸೈಟಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ನನ್ನ ಸಮಸ್ಯೆ ತಿರುಗುಮುರುಗು. ಸಾಲು ಒಡೆಯಬಾರದಲ್ಲಿ ಒಡೆಯುತ್ತಿದೆ. ವೋಚರಿನ ಷರಾ ಬಾಕ್ಸಿನಲ್ಲಿ ಅಕೌಂಟೆಂಟ್ ಅಂಕಲ್ ಎಂಟರ್ ಒತ್ತಿ ಒತ್ತಿ ಖಾಲಿ ಸಾಲು ತುಂಬಿಸುತ್ತಾರೆ. ಪ್ರಿಂಟ್ ತೆಗೆದರೆ ಟೋಟಲ್ ಎರಡನೇ ಪುಟಕ್ಕೆ ಹೋಗಿರುತ್ತದೆ. ಎಂಟರನ್ನು ಬಾಕ್ಸೇ ಹೊಸ ಸಾಲಾಗಿ ತೆಗೆದುಕೊಳ್ಳುವ ಅಕ್ಸೆಪ್ಟ್ಸ್‌ರಿಟರ್ನ್ ಸೆಟ್ಟಿಂಗ್ ಆಫ್ ಮಾಡಿ ನೋಡಿದೆ. ಆಗ ಎಂಟರ್ ಒತ್ತಿದ ತಕ್ಷಣ ಅರ್ಧ ವೋಚರ್ ಸೇವ್ ಆಗಿಬಿಡುತ್ತದೆ. ಅಂಕಲ್ ನನ್ನ ಮೇಲೆ ಸಿಟ್ಟು.

ಉತ್ತರ:
ತಂಗಿ, ಅಂಕಲ್ ತಪ್ಪಿಲ್ಲ. ಅವರು ಟ್ಯಾಲಿಯಲ್ಲಿ ಪಳಗಿದ ಕೈ. ಅಲ್ಲಿ ಎಂಟರ್ ಎಂದರೆ "ಇದು ಮುಗಿಯಿತು, ಮುಂದಿನ ಖಾನೆಗೆ ನಡಿ" ಅಂತ ಅರ್ಥ. ಮುಂಬೈ ಪುಣೆಯಲ್ಲಿ ಲೆಕ್ಕ ಬರೆಯುವವರ ಬೆರಳಿಗೆ ಅದೊಂದೇ ಗೊತ್ತು. ನಿಮ್ಮ ಬಾಕ್ಸಿನಲ್ಲಿ ಎಂಟರ್ ಒತ್ತಿದರು, ಕರ್ಸರ್ ಮುಂದೆ ಹೋಗಲಿಲ್ಲ, ಮತ್ತೆ ಒತ್ತಿದರು, ಮತ್ತೆ ಒತ್ತಿದರು, ಕೊನೆಗೆ ಮೌಸ್ ಹಿಡಿದರು. ಆ ಮೂರು ಒತ್ತೇ ಮೂರು ಖಾಲಿ ಸಾಲು.

ಅರ್ಧಕ್ಕೇ ಸೇವ್ ಆಗುವುದಕ್ಕೆ ಕಾರಣ, ಫಾರ್ಮಿನ ಅಕ್ಸೆಪ್ಟ್‌ಬಟನ್ (ಎಂಟರ್ ಒತ್ತಿದರೆ ಓಡುವ ಬಟನ್) ಜಾಗಕ್ಕೆ ನೀವು ಸೇವ್ ಬಟನ್ ಕೊಟ್ಟಿರುತ್ತೀರಿ. ಅಕ್ಸೆಪ್ಟ್ಸ್‌ರಿಟರ್ನ್ ಆಫ್ ಇದ್ದಾಗ ಬಾಕ್ಸ್ ಎಂಟರನ್ನು ತಾನು ಇಟ್ಟುಕೊಳ್ಳದೆ ಆ ಬಟನ್ನಿಗೆ ದಾಟಿಸುತ್ತದೆ. ಅಕ್ಸೆಪ್ಟ್‌ಬಟನ್ನೇ ಇಲ್ಲದ ಫಾರ್ಮಿನಲ್ಲಿ, ಅದೇ ಸೆಟ್ಟಿಂಗ್ ಇದ್ದರೂ ಮಲ್ಟಿಲೈನ್ ಬಾಕ್ಸ್ ಹೊಸ ಸಾಲನ್ನೇ ಹಾಕುತ್ತದೆ. ಡಾಕ್ಯುಮೆಂಟೇಶನ್ ಓದದೆ ಇದು ಹೊಳೆಯುವುದು ಕಷ್ಟ.

ನಾನಾದರೆ ಹೀಗೆ ಮಾಡುತ್ತೇನೆ. ಫಾರ್ಮಿನಿಂದ ಅಕ್ಸೆಪ್ಟ್‌ಬಟನ್ ತೆಗೆದುಹಾಕುತ್ತೇನೆ. ವೋಚರ್ ಸೇವ್ ಆಗಲು ಬೇರೆ ಕೀ ಇರಲಿ. ಷರಾ ಬಾಕ್ಸಿನ ಕೀಡೌನ್‌ನಲ್ಲಿ ಬರೇ ಎಂಟರ್ ಬಂದರೆ ಅದನ್ನು ಅಲ್ಲೇ ನುಂಗಿ, ಮುಂದಿನ ಕಂಟ್ರೋಲಿಗೆ ಕಳಿಸುತ್ತೇನೆ. ನುಂಗಲು ಸಪ್ರೆಸ್‌ಕೀಪ್ರೆಸ್ ಆನ್ ಮಾಡಬೇಕು, ಇಲ್ಲದಿದ್ದರೆ ಕರ್ಸರ್ ಮುಂದೆ ಹೋದರೂ ಹಿಂದೆ ಒಂದು ಖಾಲಿ ಸಾಲು ಉಳಿದಿರುತ್ತದೆ. ನಿಜವಾಗಿ ಹೊಸ ಸಾಲು ಬೇಕೆಂದವರಿಗೆ ಕಂಟ್ರೋಲ್ ಎಂಟರ್. ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಕೀಕೋಡ್ ನೋಡಿ ಪರೀಕ್ಷಿಸಿದರೆ ಕಂಟ್ರೋಲ್ ಎಂಟರ್ ಕೂಡ ಎಂಟರ್ ಅಂತಲೇ ಬಂದು ಅದನ್ನೂ ನುಂಗಿಬಿಡುತ್ತೀರಿ. ಕೀಡೇಟಾ ನೋಡಿ, ಅದರಲ್ಲಿ ಕಂಟ್ರೋಲ್, ಶಿಫ್ಟ್ ಸೇರಿಯೇ ಇರುತ್ತದೆ.

ಬಾಕ್ಸಿನ ಕೆಳಗೆ ಬೂದು ಬಣ್ಣದಲ್ಲಿ "ಹೊಸ ಸಾಲಿಗೆ ಕಂಟ್ರೋಲ್ ಎಂಟರ್" ಅಂತ ಬರೆದಿಡಿ. ಮರಾಠಿಯಲ್ಲೂ ಬರೆಯಿರಿ, ನಿಮ್ಮ ಅಂಕಲ್ ಬಹುಶಃ ಅದನ್ನೇ ಓದುತ್ತಾರೆ. ಸೇವ್ ಮಾಡುವಾಗ ಕೊನೆಯ ಖಾಲಿ ಸಾಲುಗಳನ್ನು ಕತ್ತರಿಸಿ. ಕೊನೆಯವು ಮಾತ್ರ, ನಡುವಿನವು ಬೇಡ. ನಡುವೆ ಬಿಟ್ಟ ಸಾಲು ಯಾರೋ ಬೇಕೆಂದೇ ಬಿಟ್ಟದ್ದು.

ಆದರೆ ಇದೇ ಸಾಫ್ಟ್‌ವೇರಿನಲ್ಲಿ ಸೊಸೈಟಿಯ ನೋಟಿಸ್ ಬರೆಯುವ ಪರದೆ ಇದ್ದರೆ ಅಲ್ಲಿ ಈ ಚಾಲಾಕಿ ಮಾಡಬೇಡಿ. ಪೂರಾ ಪಠ್ಯವೇ ಕೆಲಸವಾಗಿರುವ ಜಾಗದಲ್ಲಿ ಎಂಟರ್ ಎಂಟರೇ ಆಗಿರಬೇಕು.

ಡೊಂಬಿವಲಿಯಿಂದ ಮತ್ತೆ:
ಥ್ಯಾಂಕ್ಸ್ ಸರ್. ಇನ್ನೊಂದು ಚಿಕ್ಕದು. ವಾಟ್ಸಾಪಿನಿಂದ ಮೆಂಬರ್ ವಿಳಾಸ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಮೊದಲ ಸಾಲು ಮಾತ್ರ ಬೀಳುತ್ತದೆ. ಉಳಿದದ್ದು ಮಾಯ.

ಉತ್ತರ:
ಆ ಬಾಕ್ಸ್ ಸಿಂಗಲ್ ಲೈನ್ ಇರಬೇಕು. ವಿಂಡೋಸ್ ಸಿಂಗಲ್ ಲೈನ್ ಬಾಕ್ಸ್ ಮೊದಲ ಲೈನ್ ಬ್ರೇಕ್ ತನಕ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಸದ್ದಿಲ್ಲದೆ ಬಿಸಾಕುತ್ತದೆ. ವಿಳಾಸ ಅಲ್ಲಿ ಬರುತ್ತದೆ ಅಂತ ಗೊತ್ತಿದ್ದ ಮೇಲೆ ಬಾಕ್ಸ್ ದೊಡ್ಡದು ಮಾಡಿ. ಆಗದಿದ್ದರೆ ಪೇಸ್ಟ್ ಸಂದೇಶವನ್ನು ಹಿಡಿದು ಲೈನ್ ಬ್ರೇಕ್ ಇದ್ದಲ್ಲಿ ಅಲ್ಪವಿರಾಮ, ಸ್ಪೇಸ್ ಹಾಕಿ ಸೇರಿಸಿ. ಮತ್ತೆ, ಮಲ್ಟಿಲೈನ್ ಮಾಡಿದ ಮೇಲೆ ಮ್ಯಾಕ್ಸ್‌ಲೆಂಗ್ತ್ (ಬಾಕ್ಸ್ ಹಿಡಿಯುವ ಅಕ್ಷರಗಳ ಮಿತಿ) ಲೆಕ್ಕ ನೋಡಿಕೊಳ್ಳಿ. ಪ್ರತಿ ಎಂಟರಿಗೂ ಎರಡು ಅಕ್ಷರ. ಆರು ಸಾಲಿನ ವಿಳಾಸದಲ್ಲಿ ಐದು ಎಂಟರ್, ಅಂದರೆ ಹತ್ತು ಅಕ್ಷರ ಕಾಣದೆಯೇ ಖರ್ಚು.

ಪ್ರಶ್ನೆ, ಅಂಧೇರಿಯಿಂದ:
ಮೇಲಿನದಕ್ಕೆ ಸೇರಿದ್ದೇ ಇರಬಹುದು. ಲಾಗ್ ತೋರಿಸುವ ರಿಚ್‌ಟೆಕ್ಸ್ಟ್‌ಬಾಕ್ಸಿನಲ್ಲಿ ಹುಡುಕಿದ ಪದಕ್ಕೆ ಹಳದಿ ಬಣ್ಣ ಕೊಡುತ್ತೇನೆ. ಮೊದಲ ಸಾಲಿನಲ್ಲಿ ಸರಿಯಾಗಿ ಬೀಳುತ್ತದೆ. ಕೆಳಗೆ ಹೋದಂತೆ ಬಣ್ಣ ಬಲಕ್ಕೆ ಸರಿಯುತ್ತ ಹೋಗುತ್ತದೆ.

ಉತ್ತರ:
ಹತ್ತನೇ ಸಾಲಿನಲ್ಲಿ ಒಂಬತ್ತು ಅಕ್ಷರ ಸರಿದಿದೆಯೇ ಎಣಿಸಿ ನೋಡಿ. ಸರಿದಿದ್ದರೆ, ನೀವು ಹುಡುಕುತ್ತಿರುವುದು ಫೈಲಿನಿಂದ ಓದಿದ ಮೂಲ ಸ್ಟ್ರಿಂಗಿನಲ್ಲಿ, ಬಣ್ಣ ಹಚ್ಚುತ್ತಿರುವುದು ಕಂಟ್ರೋಲಿನಲ್ಲಿ. ಮೂಲದಲ್ಲಿ ಸಾಲಿಗೆರಡು ಗುರುತು, ರಿಚ್‌ಟೆಕ್ಸ್ಟ್‌ಬಾಕ್ಸ್ ಒಳಗೆ ಸಾಲಿಗೊಂದೇ. ಅದರ ಟೆಕ್ಸ್ಟ್ ಪ್ರಾಪರ್ಟಿ ಕೇಳಿದರೂ ಬರೇ 10 ಕೊಡುತ್ತದೆ. ಸಾದಾ ಟೆಕ್ಸ್ಟ್‌ಬಾಕ್ಸ್ ಜೋಡಿ ಕೊಡುತ್ತದೆ. ಅಣ್ಣ ತಮ್ಮಂದಿರು, ಒಂದೇ ನೇಮ್‌ಸ್ಪೇಸ್, ನಡತೆ ಬೇರೆ. ಕಂಟ್ರೋಲ್ ಕೊಟ್ಟ ಪಠ್ಯದಲ್ಲೇ ಹುಡುಕಿ, ಬಣ್ಣ ಸರಿಯಾಗಿ ಕೂರುತ್ತದೆ.

ಪ್ರಶ್ನೆ, ಹಿಂಜವಡಿಯಿಂದ:
ಸರ್, ನಾವು ಪರದೆ ಕಟ್ಟಲು ಕ್ಯೂಟಿ ಲೈಬ್ರರಿ ಬಳಸುವವರು. ಅಲ್ಲಿ ಈ 13ರ ರಗಳೆ ಇಲ್ಲ ಅಂತ ಹೆಮ್ಮೆಯಲ್ಲಿದ್ದೆ. ಆದರೆ ಎಡಿಟರಿನಲ್ಲಿ ಆಯ್ದ ಭಾಗವನ್ನು ತೆಗೆದು 10ರಲ್ಲಿ ಸ್ಪ್ಲಿಟ್ ಮಾಡಿದರೆ ಯಾವಾಗಲೂ ಒಂದೇ ತುಂಡು ಬರುತ್ತದೆ. ಪೂರ್ತಿ ಪಠ್ಯ ತೆಗೆದರೆ ಸರಿಯಾಗಿ ತುಂಡಾಗುತ್ತದೆ. ಇನ್ನೊಂದು, ಒಂದು ಲೇಬಲಿನಲ್ಲಿ ಲೈನ್ ಬ್ರೇಕ್ ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ಡೇಟಾ ಮೇಲೆ ಅವಲಂಬಿಸಿದೆ ಅಂತ ಕಾಣುತ್ತದೆ, ಎಷ್ಟು ನೋಡಿದರೂ ಹಿಡಿಯಲಾಗಲಿಲ್ಲ.

ಉತ್ತರ:
ಹೆಮ್ಮೆ ಇರಲಿ, ಅದೂ ಬೇಕು.

ಮೊದಲನೆಯದು ಕ್ಯೂಟಿಯ ಹಳೆಯ ಬಲೆ. ಟು‌ಪ್ಲೇನ್‌ಟೆಕ್ಸ್ಟ್ ಕೇಳಿದರೆ 10 ಕೊಡುತ್ತದೆ. ಕರ್ಸರಿನ ಸೆಲೆಕ್ಟೆಡ್‌ಟೆಕ್ಸ್ಟ್ ಕೇಳಿದರೆ ಅದರ ಬದಲು ಯುನಿಕೋಡಿನ 2029 (ಇದು ಹೆಕ್ಸ್ ಲೆಕ್ಕ, ದಶಮಾನದಲ್ಲಿ 8233) ಎಂಬ ಗುರುತು ಕೊಡುತ್ತದೆ, ಪ್ಯಾರಾಗ್ರಾಫ್ ಸೆಪರೇಟರ್. ಡಾಕ್ಯುಮೆಂಟೇಶನ್‌ನಲ್ಲಿ ಬರೆದೇ ಇಟ್ಟಿದ್ದಾರೆ. ಪರದೆಯಲ್ಲಿ ನೋಡಲು ವ್ಯತ್ಯಾಸ ಇಲ್ಲದ ಕಾರಣ ಯಾರೂ ಅನುಮಾನ ಪಡುವುದಿಲ್ಲ. ಸ್ಪ್ಲಿಟ್ ಮಾಡುವ ಮೊದಲು ಅದನ್ನು 10 ಮಾಡಿ. ಶಿಫ್ಟ್ ಎಂಟರ್ ಒತ್ತಿ ಹಾಕಿದ ಸಾಲು 2028 (ದಶಮಾನದಲ್ಲಿ 8232) ಆಗಿರುತ್ತದೆ, ಅದನ್ನೂ ಬಿಡಬೇಡಿ. ನಂಬರ್ ತೋರಿಸುವ ಐದು ಸಾಲಿನ ಫಂಕ್ಷನ್ ಅಂದೆನಲ್ಲ, ಇಂಥದ್ದಕ್ಕೇ ಅದು.

ಎರಡನೆಯದು ಇನ್ನೂ ಮಜಾ. ಕ್ಯೂಲೇಬಲಿಗೆ ಏನೂ ಹೇಳದಿದ್ದರೆ ತನಗೆ ಬಂದದ್ದು ಸಾದಾ ಪಠ್ಯವೋ, ಟ್ಯಾಗ್ ಇರುವ ರಿಚ್ ಟೆಕ್ಸ್ಟೋ ಎಂದು ಅದೇ ಊಹೆ ಮಾಡುತ್ತದೆ. ಮೊದಲ ಲೈನ್ ಬ್ರೇಕ್ ಬರುವ ಮುಂಚೆ ಟ್ಯಾಗಿನಂಥದ್ದು ಏನಾದರೂ ಕಂಡರೆ ರಿಚ್ ಅಂತ ತೀರ್ಮಾನ. ರಿಚ್ ಎಂದಾದ ಮೇಲೆ ಎಚ್‌ಟಿಎಂಎಲ್ ನಿಯಮ, 10 ಎಂದರೆ ಬರೇ ಒಂದು ಸ್ಪೇಸ್. ನಿಮ್ಮ ಡೇಟಾದಲ್ಲಿ ಯಾರೋ ಕೋನದ ಆವರಣ ಹಾಕಿ ಏನೋ ಬರೆದ ದಿನ ಸಾಲುಗಳು ಕೂಡಿಕೊಳ್ಳುತ್ತವೆ, ಉಳಿದ ದಿನ ಸರಿ ಇರುತ್ತವೆ. ಸೆಟ್‌ಟೆಕ್ಸ್ಟ್‌ಫಾರ್ಮ್ಯಾಟ್ ಕರೆದು ಪ್ಲೇನ್‌ಟೆಕ್ಸ್ಟ್ ಅಂತ ಗಟ್ಟಿ ಮಾಡಿಬಿಡಿ. ಹೊರಗಿನವರು ಟೈಪ್ ಮಾಡಿದ ಪಠ್ಯ ತೋರಿಸುವ ಯಾವ ಲೇಬಲನ್ನೂ ಊಹೆಗೆ ಬಿಡಬಾರದು.

ಪ್ರಶ್ನೆ, ವಾಸ್ಕೋದಿಂದ:
ನಮಸ್ಕಾರ್ರಿ ಸರ. ಝುವಾರಿನಗರದಾಗ ನಮ್ಮ ಅಣ್ಣಂದು ಖಾನಾವಳಿ ಐತಿ. ಊಟಕ್ಕ ಬರೋರು ನಮ್ಮ ಬಾಗಲಕೋಟಿ, ವಿಜಾಪುರ ಕಡೆಯವರೇ ಭಾಳ. ಅದಕ್ಕ ಬಿಲ್ ಕನ್ನಡದಾಗ ಕೊಡೋಣ ಅಂತ ನಾನೇ ಪ್ರೋಗ್ರಾಂ ಬರ್ದೇನಿ. 58 ಎಂಎಂ ಥರ್ಮಲ್ ಪ್ರಿಂಟರ್. ಇಂಗ್ಲಿಷ್ ಬಿಲ್ಲಿನಾಗ ಸಾಲಿಗೆ 32 ಅಕ್ಷರ ಹಿಡಿತಿತ್ತು, ಅದರಾಗ 16 ಐಟಂ ಹೆಸರಿಗೆ ಅಂತ ಕೊಟ್ಟಿದ್ದೆ. ಉದ್ದ ಆದ್ರ 16ಕ್ಕ ಕತ್ತರಿಸಿ ಲೈನ್ ಬ್ರೇಕ್ ಹಾಕ್ತೇನಿ. ಕನ್ನಡಕ್ಕೂ ಅದೇ ಕೋಡ್ ಹಚ್ಚಿದೆ. ಅಕ್ಷರ ಒಡದು ಚೂರಾಗಿ ಬರ್ತಾವ್ರಿ. ಮಂದಿ ನಗ್ತಾರ.

ಉತ್ತರ:
ನಮ್ಮ ಕಡೆ ಮಂದಿಯ ಪ್ರಶ್ನೆ, ಇದಕ್ಕ ಸ್ವಲ್ಪ ಕೂತು ಉತ್ತರ ಬರೀತೇನಿ.

ನಿಮ್ಮ ಮೆನುವಿನ ಒಂದು ಸಾಲು ತೆಗೆದುಕೊಳ್ಳೋಣ: "ಜೋಳದ ರೊಟ್ಟಿ ಎಣ್ಣೆಗಾಯಿ". ಕಂಪ್ಯೂಟರಿಗೆ ಇದು ನಾವು ಎಣಿಸುವ ಅಕ್ಷರಗಳಲ್ಲ. "ಜೋ" ಅದಕ್ಕೆ ಎರಡು, ಜ ಒಂದು, ಓತ್ವ ಒಂದು. "ಟ್ಟಿ" ನಾಲ್ಕು: ಟ, ಹಲಂತ, ಟ, ಗುಡಿಸು. ಹೀಗೆ ಎಣಿಸುತ್ತ ಹೋದರೆ ಜೋಳದ ನಾಲ್ಕು, ಸ್ಪೇಸ್ ಸೇರಿ ಐದು. ರೊಟ್ಟಿ ಆರು, ಒಟ್ಟು ಹನ್ನೊಂದು. ಸ್ಪೇಸ್, ಹನ್ನೆರಡು. ಎ, ಣ, ಹಲಂತ, ಣ, ಅಲ್ಲಿಗೆ ಹದಿನಾರು. ನಿಮ್ಮ ಕತ್ತರಿ ಸರಿಯಾಗಿ ಅಲ್ಲೇ ಬೀಳುತ್ತದೆ. ಮೇಲಿನ ಸಾಲಿನಲ್ಲಿ "ಎಣ್ಣ" ಉಳಿಯಿತು, ಎತ್ವ ಒಂಟಿಯಾಗಿ ಕೆಳಗಿನ ಸಾಲಿಗೆ ಬಂತು. ಒಂಟಿ ಸ್ವರಚಿಹ್ನೆಗೆ ಕೂರಲು ವ್ಯಂಜನ ಬೇಕಲ್ಲ, ಅದಿಲ್ಲದ್ದಕ್ಕೆ ಫಾಂಟ್ ಚುಕ್ಕೆಚುಕ್ಕೆಯ ವೃತ್ತ ಬಿಡಿಸಿ ಅದರ ಮೇಲೆ ಕೂರಿಸುತ್ತದೆ. ಒಂದು ಅಕ್ಷರ ಹಿಂದೆ ಕತ್ತರಿಸಿದ್ದರೆ ಅದಕ್ಕಿಂತ ಮೋಸ. ಮೇಲೆ "ಎಣ್", ಕೆಳಗೆ "ಣೆಗಾಯಿ". ವೃತ್ತವೂ ಬರುವುದಿಲ್ಲ, ತಪ್ಪು ಅಂತ ಪ್ರೋಗ್ರಾಮಿಗೆ ಗೊತ್ತೂ ಆಗುವುದಿಲ್ಲ.

ಎಣಿಕೆಯ ಬುಡವೇ ಇಲ್ಲಿ ತಪ್ಪು. 32 ಅಕ್ಷರ ಎಂಬುದು ಎಲ್ಲ ಅಕ್ಷರಕ್ಕೂ ಸಮ ಅಗಲ ಇರುವ, ಪ್ರಿಂಟರಿನ ಒಳಗೇ ಇರುವ ಇಂಗ್ಲಿಷ್ ಫಾಂಟಿನ ಲೆಕ್ಕ. ನಿಮ್ಮ ಕನ್ನಡ ಹೇಗೂ ಪ್ರಿಂಟರಿನ ಫಾಂಟಿನಿಂದ ಬರುತ್ತಿಲ್ಲ, ವಿಂಡೋಸ್ ಡ್ರೈವರ್ ಅದನ್ನು ಚಿತ್ರ ಮಾಡಿ ಕಳಿಸುತ್ತಿದೆ. ಚಿತ್ರವೆಂದ ಮೇಲೆ ಅಕ್ಷರ ಎಣಿಸಬೇಡಿ, ಅಗಲ ಅಳೆಯಿರಿ. 58 ಎಂಎಂ ಕಾಗದದಲ್ಲಿ ಅಚ್ಚು ಬೀಳುವ ಅಗಲ 48 ಎಂಎಂ, 203 ಡಿಪಿಐ (ಇಂಚಿಗೆ 203 ಚುಕ್ಕೆ) ಪ್ರಿಂಟರಿಗೆ ಅದು 384 ಚುಕ್ಕೆ. ಅದರಲ್ಲಿ ಐಟಂ ಹೆಸರಿಗೆ 220, ಉಳಿದದ್ದು ಎಷ್ಟು ಪ್ಲೇಟು, ಎಷ್ಟು ರೂಪಾಯಿ ಎಂಬುದಕ್ಕೆ ಅಂತ ಹಂಚಿ. ಡ್ರಾಸ್ಟ್ರಿಂಗಿಗೆ ಬಿಂದು ಕೊಡದೆ 220 ಚುಕ್ಕೆ ಅಗಲದ ಆಯತ ಕೊಟ್ಟರೆ ಅದೇ ಸ್ಪೇಸ್ ನೋಡಿ ಸಾಲು ಮಡಿಸುತ್ತದೆ. ಅದಕ್ಕೂ ಮೊದಲು ಮೆಷರ್‌ಸ್ಟ್ರಿಂಗ್ ಕರೆದು ಎತ್ತರ ಎಷ್ಟಾಯಿತು ಕೇಳಿಕೊಳ್ಳಿ, ಮುಂದಿನ ಐಟಂ ಅಷ್ಟು ಕೆಳಗಿನಿಂದ ಶುರು ಮಾಡಿ. ನಿಮ್ಮ ಕೋಡಿನಲ್ಲಿ ಲೈನ್ ಬ್ರೇಕ್ ಹಾಕುವ ಸಾಲೇ ಇರುವುದಿಲ್ಲ.

ಇದನ್ನು ಬಿಲ್ಲಿಗೆ ಅಷ್ಟೇ ಅಲ್ಲ, ಪರದೆಗೂ ಹೇಳುತ್ತೇನೆ. ಅಗಲ ಸಾಲದೆ ಪಠ್ಯ ಮಡಚಿಕೊಳ್ಳುವುದು ಬೇರೆ, ಬರೆದವರು ಎಂಟರ್ ಒತ್ತಿ ಒಡೆದದ್ದು ಬೇರೆ. ಮೊದಲನೆಯದು ಕಂಟ್ರೋಲಿನ ಕೆಲಸ, ಬಾಕ್ಸ್ ಎಳೆದು ದೊಡ್ಡದು ಮಾಡಿದರೆ ಬದಲಾಗುತ್ತದೆ, ಡೇಟಾದಲ್ಲಿ ಎಂದೂ ಸೇರಬಾರದು. ಪರದೆಯಲ್ಲಿ ಚಂದ ಕಾಣಲಿ ಎಂದು 40 ಅಕ್ಷರಕ್ಕೊಂದು ಲೈನ್ ಬ್ರೇಕ್ ತುರುಕಿ ಡೇಟಾಬೇಸಿಗೆ ಹಾಕಿದವರ ಡೇಟಾವನ್ನು ಶುದ್ಧ ಮಾಡಲು ನಾನೊಮ್ಮೆ ಎರಡು ವಾರ ಕೂತಿದ್ದೆ. ವಿನ್‌ಫಾರ್ಮ್ಸ್‌ನಲ್ಲೇ ಈ ಎರಡೂ ಎಣಿಕೆ ಅಕ್ಕಪಕ್ಕ ಇವೆ. ಲೈನ್ಸ್ ಪ್ರಾಪರ್ಟಿ ಎಂಟರ್ ಒತ್ತಿದ ಸಾಲು ಎಣಿಸುತ್ತದೆ, ಗೆಟ್‌ಲೈನ್‌ಫ್ರಮ್‌ಕ್ಯಾರ್‌ಇಂಡೆಕ್ಸ್ ಕಣ್ಣಿಗೆ ಕಾಣುವ ಮಡಿಕೆ ಸಾಲು ಎಣಿಸುತ್ತದೆ. ಒಂದರ ನಂಬರ್ ಹಿಡಿದು ಇನ್ನೊಂದರಲ್ಲಿ ಹುಡುಕಿದರೆ ಎಲ್ಲಿಗೋ ಹೋಗಿ ಬೀಳುತ್ತೀರಿ.

ವಾಸ್ಕೋದಿಂದ ಮತ್ತೆ:
ಆಯತ ಕೊಟ್ಟು ನೋಡಿದೆ ಸರ, ಎಣ್ಣೆಗಾಯಿ ಪೂರಾ ಕೆಳಗಿನ ಸಾಲಿಗೆ ಬಂತು. "ಶೇಂಗಾ ಚಟ್ನಿ" ಮಾತ್ರ ಶೇಂಗಾ ಮ್ಯಾಲೆ, ಚಟ್ನಿ ಕೆಳಗ. ಎರಡೂ ಕೂಡೇ ಇರಬೇಕಂದ್ರ?

ಉತ್ತರ:
ನಡುವಿನ ಸ್ಪೇಸ್ ತೆಗೆದು ನೋ-ಬ್ರೇಕ್ ಸ್ಪೇಸ್ ಹಾಕಿ, ಯುನಿಕೋಡಿನಲ್ಲಿ ಅದರ ನಂಬರ್ 160. ಕಾಣಲು ಸ್ಪೇಸೇ, ಅಲ್ಲಿ ಸಾಲು ಮಡಿಯುವುದಿಲ್ಲ. ಆದರೆ ಪ್ರಿಂಟಿಗೆ ಕಳಿಸುವ ಜಾಗದಲ್ಲಿ ಮಾತ್ರ ಹಾಕಿ. ಮೆನುವಿನ ಡೇಟಾದಲ್ಲೇ ಹಾಕಿದರೆ ನಾಳೆ "ಶೇಂಗಾ ಚಟ್ನಿ" ಅಂತ ಟೈಪ್ ಮಾಡಿ ಹುಡುಕಿದಾಗ ಸಿಗುವುದಿಲ್ಲ.

ಪ್ರಶ್ನೆ, ಠಾಣೆಯಿಂದ:
ಜಾವಾದಲ್ಲಿ ಪರದೆ ಕಟ್ಟುವ ಸ್ವಿಂಗ್ ಬಗ್ಗೆ ಕೇಳಬಹುದಾ ಸರ್, ನಗಬೇಡಿ. ಬ್ಯಾಂಕಿನ ಹಳೇ ಪ್ರಾಜೆಕ್ಟ್. ಜೆಲೇಬಲಿನಲ್ಲಿ 10 ಕೊಟ್ಟರೆ ಸಾಲು ಒಡೆಯುವುದೇ ಇಲ್ಲ.

ಉತ್ತರ:
ಯಾಕೆ ನಗಲಿ, ಸ್ವಿಂಗ್ ಇನ್ನೂ ಎಷ್ಟೋ ಮನೆ ನಡೆಸುತ್ತಿದೆ. ಜೆಲೇಬಲ್ ಸಾದಾ ಪಠ್ಯದಲ್ಲಿ ಲೈನ್ ಬ್ರೇಕ್ ಮಾನ್ಯ ಮಾಡುವುದಿಲ್ಲ. ಎಚ್‌ಟಿಎಂಎಲ್ ಟ್ಯಾಗಿನಿಂದ ಶುರು ಮಾಡಿ ಬಿಆರ್ ಹಾಕಬೇಕು. ಇಲ್ಲದಿದ್ದರೆ ಜೆಟೆಕ್ಸ್ಟ್‌ಏರಿಯಾ ಇಟ್ಟು, ಎಡಿಟ್ ಆಗದಂತೆ ಮಾಡಿ, ಬಾರ್ಡರ್ ತೆಗೆದು ಲೇಬಲ್ ವೇಷ ಹಾಕಿಸಿ. ಏರಿಯಾದಲ್ಲಿ ಲೈನ್‌ವ್ರ್ಯಾಪ್ ಆನ್ ಮಾಡಿದರೆ ಸಾಲದು, ವ್ರ್ಯಾಪ್‌ಸ್ಟೈಲ್‌ವರ್ಡ್ ಕೂಡ ಆನ್ ಮಾಡಿ. ಇಲ್ಲದಿದ್ದರೆ ಪದದ ನಡುವೆಯೇ ಮಡಿಸುತ್ತದೆ.

ಮಾಟುಂಗದಿಂದ ಮತ್ತೆ:
ಸರ್, ಎಲ್ಲ ಆಯಿತು! ಒಳಗೆ 10, ಬಾಕ್ಸಿನ ಬಾಗಿಲಲ್ಲಿ ಜೋಡಿ, ನೀವು ಹೇಳಿದ ಹಾಗೆಯೇ ಮಾಡಿದೆ. ಹಳೆಯ ವಿಳಾಸಗಳೆಲ್ಲ ತಾವಾಗಿ ಸಾಲು ಸಾಲಾಗಿ ಎದ್ದು ನಿಂತವು. ಒಂದು ವಿಳಾಸ ಮಾತ್ರ ಹಟ ಹಿಡಿದಿದೆ. ಅದರಲ್ಲಿ ಸಾಲು ಒಡೆಯುವ ಬದಲು ಬ್ಯಾಕ್‌ಸ್ಲ್ಯಾಶ್ ಮತ್ತು ಎನ್ ಅಕ್ಷರ ಹಾಗೇ ಪರದೆಯ ಮೇಲೆ ಕಾಣುತ್ತಿದೆ. ನಂಬರ್ ತೋರಿಸಿ ನೋಡಿದೆ, 92 ಮತ್ತು 110.

ಉತ್ತರ:
ಅದು ಲೈನ್ ಬ್ರೇಕ್ ಅಲ್ಲ, ನಿಜವಾಗಿಯೂ ಎರಡು ಅಕ್ಷರ. ಬ್ಯಾಕ್‌ಸ್ಲ್ಯಾಶ್ ಎನ್ ಬರೆದರೆ 10 ಆಗುವುದು ಸಿ ಶಾರ್ಪ್ ಕೋಡಿನ ಒಳಗೆ, ಕಂಪೈಲರ್ ಓದುವಾಗ. ಪ್ರಾಪರ್ಟಿ ವಿಂಡೋದಲ್ಲೋ, ಫೈಲಿನಲ್ಲೋ, ಡೇಟಾಬೇಸಿನಲ್ಲೋ ಕೈಯಾರೆ ಟೈಪ್ ಮಾಡಿದರೆ ಟೈಪ್ ಮಾಡಿದ್ದೇ ಉಳಿಯುತ್ತದೆ. ಟೆಸ್ಟ್ ಮಾಡುವಾಗ ನೀವೇ ಹಾಕಿರಬೇಕು, ನೆನಪು ಮಾಡಿಕೊಳ್ಳಿ.

ಮಾಟುಂಗದಿಂದ ಮತ್ತೆ:
ಅಯ್ಯೋ ಹೌದು ಸರ್. ಅದು ನಮ್ಮ ಮನೆಯದ್ದೇ ವಿಳಾಸ. ಮೊದಲ ದಿನ ಫೈಲಿನಲ್ಲಿ ಕೈಯಾರೆ ಬರೆದದ್ದು. ಇದಕ್ಕೂ ಒಂದು ರಿಪ್ಲೇಸ್ ಸೇರಿಸಲಾ?

ಉತ್ತರ:
ಬೇಡ. ಒಂದೇ ವಿಳಾಸಕ್ಕೆ ಕೋಡ್ ಬರೆಯಬೇಡಿ. ನಾಳೆ ಯಾವುದೋ ಗಿರಾಕಿ ಫ್ಲ್ಯಾಟ್ ನಂಬರಿನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿರುತ್ತಾನೆ, ಅವನದ್ದು ಕೆಡುತ್ತದೆ. ಫೈಲ್ ತೆರೆದು ಆ ಎರಡಕ್ಷರ ಅಳಿಸಿ, ಅಲ್ಲೊಂದು ಎಂಟರ್ ಒತ್ತಿ ಸೇವ್ ಮಾಡಿ.